ನಾಲ್ಕನೇ ಪೀರಿಯಡ್ಡಿನ ಲೀಜರ್

ಗಂಗವ್ವ ಹೊಸಮನಿಗೆ ಅಜ್ಜಿಯ ಹೆಸರಿಟ್ಟಿದ್ದರು. ಬಾಗಲಕೋಟೆಯ ಖಾಸಗಿ ಹೈಸ್ಕೂಲೊಂದರಲ್ಲಿ ಹದಿನಾರು ವರ್ಷ ಗಣಿತ ಹೇಳಿಕೊಟ್ಟವಳು ಅವಳು. ಅಲ್ಲಿಯ ಹುಡುಗರು ಅದು ಮುದುಕಿಯ ಹೆಸರೆಂದು ಬೆನ್ನ ಹಿಂದೆ ನಗುತ್ತಿದ್ದರು. ನಲವತ್ತೊಂದನೆಯ ವಯಸ್ಸಿನಲ್ಲಿ ಟೆಕ್ಸಾಸಿಗೆ ಬಂದು ಮಿಸ್ ಗಂಗಾ ಆದ ಮೇಲೆ ಹೆಸರು ಕೇಳಿ ನಗುವವರು ಯಾರೂ ಉಳಿಯಲಿಲ್ಲ. ಅಮೆರಿಕದಿಂದ ತನಗಾದ ಮೊದಲ ಲಾಭ ಇದು ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಎರಡನೆಯ ಲಾಭ ಯಾವುದೆಂದು ಕೇಳಿದರೆ ಮಾತ್ರ ಈಗಲೂ ಅವಳ ಮುಖ ಗಂಟಿಕ್ಕುತ್ತದೆ.

ಅವಳನ್ನು ಕರೆಸಿಕೊಂಡವಳು ಉಷಾರಾಣಿ. ಮೈಸೂರಿನವಳು, ಐವತ್ತು ದಾಟಿದವಳು. ಡಲ್ಲಾಸ್ ಹತ್ತಿರದ ಯೂಲೆಸ್‌ನಿಂದ ಸ್ವಲ್ಪ ದಕ್ಷಿಣಕ್ಕಿರುವ ಒಂದು ಹೈಸ್ಕೂಲಿನಲ್ಲಿ ಗಣಿತ ವಿಭಾಗದ ಮುಖ್ಯಸ್ಥೆ. ಫ್ಲವರ್ ಮೌಂಡ್‌ನಲ್ಲಿ ದೊಡ್ಡ ಮನೆ. ಶಾಲೆಯ ಕೆಲಸದ ಜೊತೆಗೆ ಒಂದು ಏಜೆನ್ಸಿಗಾಗಿ ಕರ್ನಾಟಕದ ಶಿಕ್ಷಕರನ್ನು ಹುಡುಕಿಕೊಡುವ ಕೆಲಸವನ್ನೂ ಹಚ್ಚಿಕೊಂಡಿದ್ದಳು. ಫೋನಿನಲ್ಲಿ ಅವಳ ಮಾತು ಕೇಳಿದರೆ ಕಲ್ಲು ಕೂಡ ಎದ್ದು ಹೋಗಿ ಪಾಸ್‌ಪೋರ್ಟ್ ಮಾಡಿಸಿಕೊಳ್ಳಬೇಕು, ಹಾಗಿತ್ತು ಆ ಮಾತು.

“ಬೆಳಿಗ್ಗೆ ಬೇಗ ಶುರು ಆಗತ್ತೆ, ಅಷ್ಟೇ ಕಣ್ರೀ. ಮೂರು ಗಂಟೆಗೆಲ್ಲ ಮುಗೀತು. ಶನಿವಾರ ಸ್ಕೂಲೇ ಇಲ್ಲ. ದಿನಾ ಒಂದು ಲೀಜರ್ ಇರತ್ತೆ. ನಿಮ್ಮೂರಲ್ಲಿ ವಾರಕ್ಕೆ ಎಷ್ಟು ಸಿಗತ್ತೆ ಹೇಳಿ?”

ವಾರಕ್ಕೆ ಎರಡು ಸಿಕ್ಕರೆ ಪುಣ್ಯ. ಅದರಲ್ಲೂ ಒಂದನ್ನು ಹೆಡ್‌ಮಾಸ್ತರರು ಕಿತ್ತುಕೊಳ್ಳುತ್ತಿದ್ದರು. ದಿನಕ್ಕೊಂದು ಲೀಜರ್ ಎಂಬ ಮಾತಿಗೆ ಗಂಗವ್ವ ಅಲ್ಲೇ ಅರ್ಧ ಸೋತಳು.

ಲೀಜರ್ ಎಂದರೇನೆಂದು ನಮ್ಮ ಕಡೆಯ ಮೇಷ್ಟರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಟೈಮ್‌ಟೇಬಲ್ಲಿನಲ್ಲಿ ಪಾಠವಿಲ್ಲದ ಪೀರಿಯಡ್ಡೇ ಲೀಜರ್. ಹೆಸರು ಹಾಗಿದ್ದರೂ ಅದರಲ್ಲಿ ವಿರಾಮದ ವಾಸನೆಯೂ ಇರುವುದಿಲ್ಲ. ಕಾಪಿ ತಿದ್ದಬೇಕು, ಮರುದಿನದ ಪಾಠ ನೋಡಿಕೊಳ್ಳಬೇಕು, ಯಾರಾದರೂ ರಜೆ ಹಾಕಿದರೆ ಅವರ ಕ್ಲಾಸಿಗೂ ಹೋಗಿ ಕೂರಬೇಕು. ಇಂಗ್ಲಿಷಿನ ಪದವನ್ನು ತಂದು ಇಂಗ್ಲಿಷಿನವರಿಗೇ ಗೊತ್ತಿಲ್ಲದ ಅರ್ಥ ಕೊಟ್ಟು ನಮ್ಮ ಸ್ಟಾಫ್ ರೂಮುಗಳು ಅದನ್ನು ಸಾಕಿಕೊಂಡಿವೆ. ಈ ಪದವೇ ಒಂದು ದಿನ ತನ್ನನ್ನು ಹಿಡಿದು ಹಾಕುತ್ತದೆಂದು ಗಂಗವ್ವ ಕನಸಿನಲ್ಲೂ ಎಣಿಸಿರಲಿಲ್ಲ.

ಬರುವ ಮೊದಲೇ ಒಂದು ಮಾತು ನಿಕ್ಕಿಯಾಗಿತ್ತು. ಮೊದಲ ವರ್ಷ ಅವಳೊಬ್ಬಳೇ ಇರಬೇಕು. ಮಾರ್ಚಿನಲ್ಲಿ ಶಾಲೆ ಅವಳ ಕೆಲಸ ಮುಂದುವರಿಸಿದರೆ ಜೂನಿನಲ್ಲಿ ಗಂಡ ಇರಣ್ಣ, ಮಗಳು ಸೌಂದರ್ಯಾ ಇಬ್ಬರೂ ಬರಬೇಕು. ಸೌಂದರ್ಯಾ ಹತ್ತನೇ ಕ್ಲಾಸು ಮುಗಿಸಿ ಹನ್ನೊಂದನೆಯದನ್ನು ಅಮ್ಮನ ಶಾಲೆಯಲ್ಲೇ ಓದಬೇಕು. ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಇರಣ್ಣ ದೀರ್ಘ ರಜೆಗೆ ಬರೆದುಕೊಡಲು ತಯಾರಿದ್ದ. ಯೂಲೆಸ್‌ನ ಅಪಾರ್ಟ್‌ಮೆಂಟಿನಲ್ಲಿ ಗಂಗವ್ವ ಎರಡು ಕೋಣೆಯ ಮನೆಯನ್ನೇ ಹಿಡಿದಳು. ಎರಡನೆಯ ಕೋಣೆಯಲ್ಲಿ ಮಗಳಿಗೆಂದು ಮಂಚ ಹಾಕಿಸಿ ಚಾದರ ಹಾಸಿಟ್ಟಳು. ಮಗಳು ಪಕ್ಕದಲ್ಲಿರಬೇಕು ಎಂಬ ಒಂದೇ ಆಸೆಗೆ ಅವಳು ಆ ವರ್ಷವನ್ನು ಪಣಕ್ಕಿಟ್ಟಿದ್ದಳು.

ಹೊತ್ತಿನದೇ ಮೊದಲ ಜಗಳ. ಬಾಗಲಕೋಟೆಯಲ್ಲಿ ಹತ್ತು ಗಂಟೆಗೆ ಪ್ರಾರ್ಥನೆ, ಸಂಜೆ ನಾಲ್ಕೂವರೆಗೆ ರಾಷ್ಟ್ರಗೀತೆ, ನಡುವೆ ಮನೆಗೆ ಹೋಗಿ ರೊಟ್ಟಿ ತಿಂದು ಬರುವಷ್ಟು ಸಮಯ. ಇಲ್ಲಿ ಏಳು ಗಂಟೆಗೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಒಳಗೆ ಬಿಡಬೇಕು, ಏಳು ಇಪ್ಪತ್ತಕ್ಕೆ ಪಾಠ. ಊಟ ಹನ್ನೊಂದಕ್ಕೂ ಮೊದಲು. ಊರಲ್ಲಿ ಹಾಜರಿ ಕೂಗುವ ಹೊತ್ತಿಗೆ ಇಲ್ಲಿ ಬುತ್ತಿ ಬಿಚ್ಚಿ, ಗಂಟಲಲ್ಲಿ ಇಳಿಯದ ಚಪಾತಿಯನ್ನು ನೀರು ಕುಡಿದು ಇಳಿಸಬೇಕು. ಊರಲ್ಲಿ ಶನಿವಾರ ಮಾತ್ರ ಬೆಳಗಿನ ಶಾಲೆ ಇರುತ್ತಿತ್ತು. ಇಲ್ಲಿ ದಿನವೂ ಶನಿವಾರ ಎಂದುಕೊಂಡರಾಯಿತು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮೈ ಆ ಸಮಾಧಾನಕ್ಕೆ ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲೊಂದು ದಿನ ಶಾಲೆಯಿಂದ ಬಂದು ಹಾಗೇ ಅಡ್ಡಾದವಳಿಗೆ ಎಚ್ಚರವಾದಾಗ ಕಿಟಕಿಯ ಹೊರಗೆ ಮಬ್ಬು ಬೆಳಕು. ಬೆಳಗಾಯಿತೆಂದು ಧಡಪಡಿಸಿ ಎದ್ದು, ಸ್ನಾನ ಮಾಡಿ, ಬ್ಯಾಗು ಹಾಕಿಕೊಂಡು, ಗೇಟಿನಲ್ಲಿ ಹೋಗಿ ನಿಂತಳು. ಉಷಾರಾಣಿಯ ಗಾಡಿ ಬರಲಿಲ್ಲ. ನಾಯಿ ಸುತ್ತಾಡಿಸುತ್ತಿದ್ದ ನೆರೆಮನೆಯಾತ ಗುಡ್ ಈವ್ನಿಂಗ್ ಎಂದಾಗಲೇ ಅದು ಸಂಜೆಯೆಂದು ತಿಳಿದದ್ದು. ಮರುದಿನ ಕಾರಿನಲ್ಲಿ ಈ ಕತೆ ಹೇಳಿದಾಗ ಉಷಾರಾಣಿ ಸ್ಟಿಯರಿಂಗ್ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಫ್ಲವರ್ ಮೌಂಡ್‌ನಿಂದ ಬರುವ ದಾರಿಯಲ್ಲೇ ಯೂಲೆಸ್ ಸಿಗುವುದರಿಂದ ಗಂಗವ್ವನನ್ನು ದಿನವೂ ಅವಳೇ ಕೂರಿಸಿಕೊಂಡು ಹೋಗುತ್ತಿದ್ದಳು. ಗಂಗವ್ವ ಅವಳನ್ನು ಅಕ್ಕಾರ ಎಂದು ಕರೆಯುತ್ತಿದ್ದಳು. ಬಾಯಿಮಾತಿಗಲ್ಲ, ಅಕ್ಕನೆಂದೇ ನಂಬಿದ್ದಳು.

ಆ ಗೇಟಿನ ದಿನ ಬಿಟ್ಟರೆ ಹೊತ್ತು ಅವಳಿಗೆ ಮತ್ತೆ ಮೋಸ ಮಾಡಲಿಲ್ಲ. ನಾಲ್ಕೂವರೆಗೆ ಅಲಾರಾಂ ಇಟ್ಟು, ಅದು ಬಡಿದುಕೊಳ್ಳುವ ಮೊದಲೇ ಏಳುವುದನ್ನು ಕಲಿತಳು. ನವೆಂಬರಿನಲ್ಲಿ ಇಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದೆ ಇಟ್ಟುಕೊಂಡಾಗ ಬಾಗಲಕೋಟೆಯಲ್ಲಿದ್ದ ಇರಣ್ಣ ಗೊಂದಲಕ್ಕೆ ಬಿದ್ದ, ಗಂಗವ್ವ ಬೀಳಲಿಲ್ಲ. ಒಂದು ದಿನವೂ ತಡವಾಗಿ ಹೋಗಲಿಲ್ಲ.

ಅವಳನ್ನು ಕೆಡವಿದ್ದು ನಾಲ್ಕನೇ ಪೀರಿಯಡ್ಡು.

ಆಗಸ್ಟಿನಲ್ಲಿ ಕೈಗೆ ಬಂದ ಟೈಮ್‌ಟೇಬಲ್ಲಿನಲ್ಲಿ ನಾಲ್ಕನೇ ಪೀರಿಯಡ್ಡಿನ ಎದುರು ಕಾನ್ಫರೆನ್ಸ್ ಎಂದಿತ್ತು. ಯಾವ ಕಾನ್ಫರೆನ್ಸು, ಯಾರ ಜೊತೆ ಎಂದು ಅವಳು ಉಷಾರಾಣಿಯನ್ನು ಕೇಳಿದ್ದಳು.

“ಅದೇ ಕಣ್ರೀ, ನಮ್ಮ ಲೀಜರ್,” ಎಂದಿದ್ದಳು ಉಷಾರಾಣಿ.

ಎರಡು ದಿನ ಕಳೆದ ಮೇಲೆ ಪ್ರಿನ್ಸಿಪಾಲ್ ಮಿಸೆಸ್ ಡೆಲ್ಗಾಡೊ ಕಾರಿಡಾರಿನಲ್ಲಿ ಸಿಕ್ಕಿ, ಟೈಮ್‌ಟೇಬಲ್ ಹೇಗಿದೆ ಎಂದು ವಿಚಾರಿಸಿದಳು. ಗಂಗವ್ವ ಖುಷಿಯಿಂದ ಇಂಗ್ಲಿಷಿನಲ್ಲಿ ಹೇಳಿದಳು, “ವೆರಿ ಗುಡ್, ಮೇಡಂ. ಫೋರ್ತ್ ಪೀರಿಯಡ್ ಐ ಆಮ್ ಲೀಜರ್.”

ಪ್ರಿನ್ಸಿಪಾಲಳ ಹುಬ್ಬು ಮೇಲೇರಿತು. “ಮಸ್ಟ್ ಬಿ ನೈಸ್,” ಎಂದಳು.

“ಯೆಸ್, ವೆರಿ ನೈಸ್,” ಎಂದಳು ಗಂಗವ್ವ. ಹೊಗಳಿದಳೆಂದೇ ತಿಳಿದಿದ್ದಳು ಪಾಪ.

ಮುಂದಿನ ವಾರದಿಂದ ಶುರುವಾಯಿತು. ಶಾಲೆಯಲ್ಲಿ ಬದಲಿ ಶಿಕ್ಷಕರ ಕೊರತೆ. ಮೂರನೇ ಪೀರಿಯಡ್ಡು ಮುಗಿಯುವ ಹೊತ್ತಿಗೆ ಆಫೀಸಿನಿಂದ ಫೋನು ಬರುತ್ತಿತ್ತು: ಮಿಸ್ ಗಂಗಾ, ಇವತ್ತು ಸ್ಪ್ಯಾನಿಷ್ ಕ್ಲಾಸು. ಮಿಸ್ ಗಂಗಾ, ಇವತ್ತು ಜಿಮ್ಮು. ಬಾಗಲಕೋಟೆಯಲ್ಲೂ ಲೀಜರ್ ಇದ್ದವರೇ ಹೋಗುತ್ತಿದ್ದದ್ದು, ಅದನ್ನು ಅಡ್ಜಸ್ಟ್‌ಮೆಂಟ್ ಎನ್ನುತ್ತಿದ್ದರು, ಅದರಲ್ಲಿ ವಿಶೇಷವೇನೂ ಇಲ್ಲ ಎಂದು ಅವಳು ಹೋದಳು. ಆದರೆ ಅಲ್ಲಿ ಹದಿನಾರು ವರ್ಷ ಅದೇ ಪುಸ್ತಕ ಕಲಿಸಿದ್ದಳು, ಪಾಠ ನಾಲಗೆಯ ತುದಿಯಲ್ಲಿತ್ತು. ಇಲ್ಲಿ ಎಲ್ಲ ಹೊಸದು. ಹಾಳೆಗಳನ್ನು ಕಾಪಿ ತೆಗೆಯಬೇಕು, ಸ್ಕ್ರೀನಿನ ಮೇಲೆ ತೋರಿಸುವುದನ್ನು ಸಿದ್ಧಮಾಡಬೇಕು, ನಿಧಾನ ಕಲಿಯುವವರಿಗೆ ಬೇರೆ ಲೆಕ್ಕ ಬರೆಯಬೇಕು. ಅದಕ್ಕೆಂದು ಇದ್ದ ಹೊತ್ತು ಜಿಮ್ಮಿನಲ್ಲಿ ಚೆಂಡು ಎಣಿಸುವುದರಲ್ಲಿ ಹೋಗುತ್ತಿತ್ತು. ಮನೆಗೆ ಬಂದರೆ ತಲೆ ನಡೆಯುತ್ತಿರಲಿಲ್ಲ.

ಜಿಮ್ಮಿನ ಕಿಟಕಿಯಿಂದ ಪಾರ್ಕಿಂಗ್ ಕಾಣುತ್ತಿತ್ತು. ಎಷ್ಟೋ ದಿನ ಉಷಾರಾಣಿ ತನ್ನ ಕಾರಿನಲ್ಲಿ ಕುಳಿತು ಫೋನಿನಲ್ಲಿ ನಗುನಗುತ್ತಾ ಮಾತಾಡುವುದು ಕಂಡಿತ್ತು. ಅವಳಿಗೂ ನಾಲ್ಕನೆಯದೇ ಬಿಡುವಿನ ಪೀರಿಯಡ್ಡು. ದೊಡ್ಡವಳು, ವಿಭಾಗದ ಮುಖ್ಯಸ್ಥೆ, ಅವಳಿಗೆ ಅಡ್ಜಸ್ಟ್‌ಮೆಂಟ್ ಇರುವುದಿಲ್ಲವೇನೋ ಎಂದು ಗಂಗವ್ವ ಅಂದುಕೊಂಡಳು.

ಅಕ್ಟೋಬರಿನಲ್ಲಿ ತಡೆಯದೆ ಕೇಳಿದಳು. “ಅಕ್ಕಾರ, ದಿನಾ ನನ್ನ ಲೀಜರ್ ಹೋಗಾಕತ್ತೈತ್ರಿ. ಪಾಠಕ್ಕ ತಯಾರಿ ಮಾಡ್ಕೊಳ್ಳಾಕ ಹೊತ್ತ ಸಿಗವಲ್ದು. ಮೇಡಮ್ಮಗ ಒಂದ್ ಮಾತ ಹೇಳ್ಲೇನ್ರಿ?”

“ಬೇಡಪ್ಪಾ,” ಎಂದಳು ಉಷಾರಾಣಿ, ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡುತ್ತಾ. “ಫಸ್ಟ್ ಇಯರ್ ಎಲ್ಲರಿಗೂ ಹೀಗೇ. ಆಗಲ್ಲ ಅಂದ್ರೆ ಮಾರ್ಚಲ್ಲಿ ನಿಮಗೇ ತೊಂದರೆ. ಸುಮ್ನೆ ನಗ್ತಾ ಮಾಡ್ಕೊಂಡು ಹೋಗಿ. ನಾನಿದ್ದೀನಲ್ಲ.”

ನಾನಿದ್ದೀನಲ್ಲ ಎಂಬ ಮಾತನ್ನು ಗಂಗವ್ವ ಗಂಟು ಹಾಕಿಕೊಂಡಳು. ಮಗಳ ಮಂಚ ಕಣ್ಣೆದುರು ಬಂದಾಗಲೆಲ್ಲ ಬಾಯಿ ಮುಚ್ಚಿಕೊಂಡು ಸ್ಪ್ಯಾನಿಷ್ ಕ್ಲಾಸಿಗೆ ನಡೆದಳು. ಒಂದು ಅಕ್ಷರ ಸ್ಪ್ಯಾನಿಷ್ ಬಾರದಿದ್ದರೂ ಸದ್ದು ಎನ್ನುವುದನ್ನು ಎಲ್ಲ ಭಾಷೆಯಲ್ಲೂ ಅಡಗಿಸಬಹುದೆಂದು ಅವಳಿಗೆ ಗೊತ್ತಿತ್ತು.

ಜನವರಿಯ ಪರೀಕ್ಷೆಯಲ್ಲಿ ಅವಳ ಮಕ್ಕಳು ಸಪ್ಪೆಯಾಗಿ ಮಾಡಿದರು. ಫೆಬ್ರವರಿಯಲ್ಲಿ ಮಿಸೆಸ್ ಡೆಲ್ಗಾಡೊ ಬಂದು ಅವಳ ಐದನೇ ಪೀರಿಯಡ್ಡಿನಲ್ಲಿ ಹಿಂದೆ ಕುಳಿತಳು. ಗಂಗವ್ವ ಆಗತಾನೇ ಜಿಮ್ಮಿನಿಂದ ಓಡಿ ಬಂದು, ನಿಂತಲ್ಲೇ ನಾಲ್ಕು ತುತ್ತು ನುಂಗಿ ಬಂದಿದ್ದಳು. ಕಾಪಿ ತೆಗೆದ ಹಾಳೆ ಇರಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬರೆಯುವಷ್ಟರಲ್ಲಿ ಅರ್ಧ ಕ್ಲಾಸು ಮಾತಿಗೆ ಬಿದ್ದಿತ್ತು. ಪ್ರಿನ್ಸಿಪಾಲ್ ಏನನ್ನೋ ಟೈಪ್ ಮಾಡಿಕೊಂಡು ಎದ್ದುಹೋದಳು.

ಆ ತಿಂಗಳ ಕೊನೆಗೆ ಆಸ್ಟಿನ್‌ನಲ್ಲಿ ಹೊಸ ಶಿಕ್ಷಕರಿಗೆ ಎರಡು ದಿನದ ತರಬೇತಿ. ಅಲ್ಲಿ ಊಟದ ಸಾಲಿನಲ್ಲಿ ಇಂಚರಾ ಸಿಕ್ಕಳು. ಶಿವಮೊಗ್ಗದ ಹುಡುಗಿ, ಹ್ಯೂಸ್ಟನ್‌ನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು, ಹೊರಟು ಬಂದದ್ದು ಅದೇ ಏಜೆನ್ಸಿಯಿಂದ. ಕನ್ನಡ ಕೇಳಿದ್ದೇ ಗಂಗವ್ವನ ಎದೆಯಲ್ಲಿದ್ದದ್ದೆಲ್ಲ ಹೊರಗೆ ಬಂತು.

ಇಂಚರಾ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು. “ಕಾನ್ಫರೆನ್ಸ್ ಪೀರಿಯಡ್ಡನ್ನಾ? ದಿನಾನಾ? ಆಂಟಿ, ಅದನ್ನ ಯಾರೂ ಹಾಗೆ ತಗೊಳ್ಳೋ ಹಂಗಿಲ್ಲ. ಪಾಠದ ತಯಾರಿಗೆ ಅಂತ ಕಾನೂನೇ ಕೊಟ್ಟಿರೋ ಟೈಮ್ ಅದು. ನೀವಾಗೇ ಒಪ್ಪಿದ್ರೆ ಮಾತ್ರ ಬೇರೆ ಕ್ಲಾಸ್ ಕೊಡ್ತಾರೆ.”

“ನಾ ಎಲ್ಲಿ ಒಪ್ಪೇನವಾ,” ಎಂದಳು ಗಂಗವ್ವ. “ಲೀಜರ್ ಇತ್ತು, ಹೋದೆ.”

“ಅಯ್ಯೋ ಆಂಟಿ, ಅವರ ಹತ್ರ ಲೀಜರ್ ಅಂದ್ರಾ?” ಇಂಚರಾಳಿಗೆ ನಗು ಬಂತು, ಗಂಗವ್ವನ ಮುಖ ನೋಡಿ ನಿಂತಿತು. “ಇಲ್ಲಿಯವರಿಗೆ ಅದು ಕೆಲಸ ಇಲ್ದೆ ಆರಾಮಾಗಿ ಇರೋದು ಅಂತ. ನಾನೂ ಮೊದಲು ಅಂದಿದ್ದೆ. ನಮ್ಮ ಸೀನಿಯರ್ ಒಬ್ಬರು ಅವತ್ತೇ ತಿದ್ದಿದ್ರು.”

ತನ್ನ ಸೀನಿಯರ್ ಏಕೆ ತಿದ್ದಲಿಲ್ಲ ಎಂಬ ಪ್ರಶ್ನೆ ಆಸ್ಟಿನ್‌ನಿಂದ ಯೂಲೆಸ್‌ವರೆಗೆ ಗಂಗವ್ವನ ಜೊತೆಯಲ್ಲೇ ಬಂತು. ಮರೆತಿರಬೇಕು, ಕೆಲಸದ ಒತ್ತಡ ಎಂದು ದಾರಿಯುದ್ದಕ್ಕೂ ಅಕ್ಕನ ಪರವಾಗಿ ತಾನೇ ವಾದ ಮಾಡಿಕೊಂಡಳು. ನಂಬಿದವರಿಗೆ ಈ ವಕೀಲಿಕೆ ತಪ್ಪುವುದಿಲ್ಲ.

ಸೋಮವಾರ ಉಷಾರಾಣಿಗೆ ಹೇಳದೆ ಪ್ರಿನ್ಸಿಪಾಲಳ ಕೋಣೆಗೆ ಹೋದಳು. ತನಗೆ ಕಾನ್ಫರೆನ್ಸ್ ಪೀರಿಯಡ್ಡು ಬೇಕೆಂದು ಕೇಳಿದಳು. ಮಿಸೆಸ್ ಡೆಲ್ಗಾಡೊಗೆ ನಿಜವಾಗಿಯೂ ಆಶ್ಚರ್ಯವಾಯಿತು. ನೀನೇ ಒಪ್ಪಿಕೊಂಡದ್ದಲ್ಲವೇ ಎಂದಳು. ನೀನು ಲೀಜರ್ ಎಂದಾಗ ಅರ್ಥವಾಗದೆ ಉಷಾಳನ್ನು ಕೇಳಿದೆ. ಇವಳ ತಯಾರಿಯೆಲ್ಲ ಮುಗಿದಿದೆ, ಅನುಭವಸ್ಥೆ, ಸುಮ್ಮನೆ ಕೂರಲು ಇಷ್ಟವಿಲ್ಲ, ಅವರ ಊರಲ್ಲಿ ಹೀಗೇ ರೂಢಿ ಎಂದು ಉಷಾಳೇ ಹೇಳಿದಳು. ನಾಲ್ಕನೇ ಪೀರಿಯಡ್ಡಿಗೆ ಗಣಿತ ವಿಭಾಗದಿಂದ ಒಬ್ಬರು ಬೇಕಿತ್ತು, ಆ ಸರದಿ ಒಪ್ಪಿಕೊಂಡಿದ್ದವಳು ಉಷಾ, ಅವಳ ಬದಲು ನಿನ್ನ ಹೆಸರು ಹಾಕಿದೆವು ಎಂದು ಪ್ರಿನ್ಸಿಪಾಲ್ ವಿವರಿಸಿದಳು.

ಅಷ್ಟಕ್ಕೇ ಮುಗಿಯಲಿಲ್ಲ. ಜನವರಿಯಲ್ಲಿ ಅಂಕ ನೋಡಿ ಕಾರಣ ಕೇಳಿದಾಗಲೂ ಉಷಾಳೇ ಹೇಳಿದ್ದಳಂತೆ: ಇವಳಿಗೆ ಇಲ್ಲಿಯ ಹೊತ್ತು ಹೊಂದಲೇ ಇಲ್ಲ, ಸಂಜೆಯನ್ನು ಬೆಳಗೆಂದು ತಿಳಿದು ಗೇಟಿನಲ್ಲಿ ಹೋಗಿ ನಿಲ್ಲುತ್ತಾಳೆ, ಪಾಪ. ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡುವುದು ಒಳ್ಳೆಯದು.

“ಮೇಡಂ,” ಎಂದಳು ಗಂಗವ್ವ. ದನಿ ನಡುಗುತ್ತಿತ್ತು, ಇಂಗ್ಲಿಷು ಮಾತ್ರ ನಡುಗಲಿಲ್ಲ. ಆಗಸ್ಟಿನಿಂದ ಒಂದು ದಿನವಾದರೂ ನಾನು ತಡವಾಗಿ ಬಂದಿದ್ದೇನೆಯೇ, ನೋಡಿ ಹೇಳಿ ಎಂದಳು.

ಪ್ರಿನ್ಸಿಪಾಲ್ ಕಂಪ್ಯೂಟರಿನಲ್ಲಿ ನೋಡಿದಳು. ಇಲ್ಲ ಎಂದಳು. ಆಮೇಲೆ, ನಾಳೆಯಿಂದ ನಾಲ್ಕನೇ ಪೀರಿಯಡ್ಡು ನಿನ್ನದು, ಒಂದು ತಿಂಗಳ ನಂತರ ಮತ್ತೆ ಬಂದು ಪಾಠ ನೋಡುತ್ತೇನೆ ಎಂದಳು.

ಆ ಸಂಜೆ ಕಾರಿನಲ್ಲಿ ಗಂಗವ್ವ ಅಕ್ಕಾರ ಎನ್ನಲಿಲ್ಲ. “ಉಷಾ ಮೇಡಂ, ನಿಮ್ಮ ಪಾಳಿ ನನ್ನ ತಲಿಗೆ ಯಾಕ ಕಟ್ಟಿದ್ರಿ?” ಎಂದು ನೇರವಾಗಿ ಕೇಳಿದಳು.

ಉಷಾರಾಣಿ ಗಾಬರಿಯಾಗಲಿಲ್ಲ. “ನೀವು ಒಂದಿನಾನೂ ಆಗಲ್ಲ ಅನ್ನಲಿಲ್ವಲ್ಲ ಗಂಗಾ.”

“ಅನಬ್ಯಾಡ ಅಂದಾವ್ರು ನೀವ ಅಲ್ರಿ.”

“ನೋಡಿ, ನಾನು ಆ ಟೈಮಲ್ಲಿ ಮಜಾ ಮಾಡ್ತಾ ಕೂತಿರಲಿಲ್ಲ. ಇಂಡಿಯಾದಲ್ಲಿ ರಾತ್ರಿ ಊಟ ಮುಗಿಸಿ ಜನ ಫ್ರೀ ಆಗೋ ಹೊತ್ತು ಅದು. ಟೀಚರ್‌ಗಳಿಗೆ ಫೋನ್ ಮಾಡಬೇಕಾಗತ್ತೆ. ನಿಮಗೂ ಹಾಗೇ ಮಾಡಿದ್ದು, ನೀವು ಬಂದ್ರಿ. ನಾಲ್ಕು ಜನಕ್ಕೆ ಒಳ್ಳೇದಾಗ್ಲಿ ಅಂತ ತಾನೇ?”

ಗಂಗವ್ವನಿಗೆ ಆಗ ಎಲ್ಲ ತಿಳಿಯಿತು. ತನ್ನ ಲೀಜರ್ ಕಿತ್ತುಕೊಂಡು, ಅದೇ ಹೊತ್ತಿನಲ್ಲಿ ಕಾರಿನೊಳಗೆ ಕುಳಿತು, ಯಾವುದೋ ಊರಿನ ಇನ್ನೊಬ್ಬ ಟೀಚರಮ್ಮನಿಗೆ ದಿನಾ ಒಂದು ಲೀಜರ್ ಇರುತ್ತದೆಂದು ಇವಳು ಆಸೆ ತೋರಿಸುತ್ತಿದ್ದಳು. “ಗೇಟಿನ ಮಾತ ನಾ ನಿಮ್ಮನ್ನ ಅಕ್ಕ ಅಂತ ತಿಳದು ಹೇಳಿದ್ದೆ,” ಎಂದಷ್ಟೇ ಹೇಳಿ ಮನೆಯ ಮುಂದೆ ಇಳಿದಳು. ಮರುದಿನದಿಂದ ಯೂಲೆಸ್‌ನಲ್ಲೇ ಇದ್ದ ಸ್ಪ್ಯಾನಿಷ್ ಟೀಚರ್ ಒಬ್ಬಳ ಗಾಡಿಯಲ್ಲಿ ಹೋಗತೊಡಗಿದಳು.

ಆ ಒಂದು ತಿಂಗಳು ಗಂಗವ್ವ ಪಾಠ ಮಾಡಿದ್ದನ್ನು ಬಾಗಲಕೋಟೆಯವರು ನೋಡಬೇಕಿತ್ತು. ನಾಲ್ಕನೇ ಪೀರಿಯಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಹಾಳೆ ತಯಾರಿಸಿದಳು, ಹುಡುಗರು ತಪ್ಪುವ ಜಾಗಗಳನ್ನು ಮೊದಲೇ ಗುರುತು ಹಾಕಿಕೊಂಡಳು, ಹಿಂದಿನ ಬೆಂಚಿನವರಿಗೆ ಅವರದೇ ಫುಟ್‌ಬಾಲ್ ಆಟದ ಲೆಕ್ಕ ಕಟ್ಟಿಕೊಟ್ಟಳು. ಮಾರ್ಚ್ ಕೊನೆಯಲ್ಲಿ ಮಿಸೆಸ್ ಡೆಲ್ಗಾಡೊ ಬಂದು ಕುಳಿತಾಗ ಇಡೀ ಕ್ಲಾಸು ತಲೆ ಬಗ್ಗಿಸಿ ಲೆಕ್ಕ ಮಾಡುತ್ತಿತ್ತು. ಮಾರ್ಚಿಗೆ ಆಗಬೇಕಿದ್ದ ತೀರ್ಮಾನ ತಡವಾಗಿ, ಏಪ್ರಿಲಿನ ಒಂದು ಶುಕ್ರವಾರ ಪ್ರಿನ್ಸಿಪಾಲ್ ಅವಳನ್ನು ಕರೆದು, ಮುಂದಿನ ವರ್ಷವೂ ನೀನು ಇಲ್ಲೇ ಇರುತ್ತೀಯ ಎಂದಳು. ಮೊದಲೇ ನಿನ್ನನ್ನೇ ಕೇಳಬೇಕಿತ್ತು ಎಂದೂ ಹೇಳಿದಳು.

ಶನಿವಾರ ಸಂಜೆ, ಅಂದರೆ ಊರಿನ ಭಾನುವಾರ ಬೆಳಗು, ಗಂಗವ್ವ ವಿಡಿಯೋ ಕಾಲ್ ಮಾಡಿದಳು. ಇರಣ್ಣ ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿ ಸೌಂದರ್ಯಾ, ಪರೀಕ್ಷೆ ಮುಗಿಸಿದ ನಿರಾಳದಲ್ಲಿ ಕೂದಲು ಒಣಗಿಸುತ್ತಿದ್ದಳು.

“ಕೆಲಸ ಮುಂದುವರಿಸ್ಯಾರ್ರೀ,” ಎಂದಳು ಗಂಗವ್ವ. “ಇನ್ನ ಜೂನಿಗೆ ಬರೂ ತಯಾರಿ ಮಾಡ್ರಿ.”

ಇರಣ್ಣ ಮಗಳ ಮುಖ ನೋಡಿದ. ಸೌಂದರ್ಯಾ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡಳು.

“ಏನಾತ್ರಿ?”

“ಧಾರವಾಡದಾಗ ಪಿಯುಸಿಗೆ ಸೀಟ ಹಿಡಿಸೇವಿ,” ಎಂದ ಇರಣ್ಣ. “ಹಾಸ್ಟೆಲ್ಲೂ ಆಗೇತಿ. ಅಕಿ ಗೆಳತ್ಯಾರೂ ಅಲ್ಲೇ ಸೇರಾಕತ್ತಾರ.”

“ಯಾವಾಗ?”

“ಜನವರಿಯಾಗ. ಉಷಾ ಮೇಡಂ ಫೋನ್ ಮಾಡಿದ್ರು. ನಿನಗ ಅಲ್ಲಿ ಹೊತ್ತು ಗೊತ್ತು ಹೊಂದವಲ್ದು, ತಲಿಗೆ ಭಾಳ ತ್ರಾಸಾಗೇತಿ, ನೌಕರಿ ಉಳಿಯೂದಿಲ್ಲ, ಮಗಳ ಸೀಟ ನೋಡ್ಕೋರಿ ಅಂದ್ರು. ನಿನ್ನ ಮುಂದ ಅನಬ್ಯಾಡ್ರಿ, ಮನಸಿಗೆ ಹಚ್ಕೋತಾರ ಅಂತನೂ ಅಂದ್ರು. ಒಳ್ಳೇದಕ್ಕ ಹೇಳ್ಯಾರ ಅಂತ ಸುಮ್ಮನಿದ್ವಿ.”

ಗಂಗವ್ವ ಲೆಕ್ಕ ಹಾಕಿದಳು. ಜನವರಿ, ಫೆಬ್ರವರಿ, ಮಾರ್ಚ್. ದಿನವೂ ಮಾತಾಡಿದ್ದರು. ಊಟ ಆಯ್ತಾ, ಚಳಿ ಐತೇನ ಎಂದು ಕೇಳಿದ್ದರು. ಅವಳು ಮಗಳ ಕೋಣೆಗೆ ಪರದೆ ತಂದದ್ದನ್ನು ಇದೇ ಫೋನಿನಲ್ಲಿ ತೋರಿಸಿದ್ದಳು. ಆಗ ಇಬ್ಬರೂ ಚಂದ ಐತಿ ಎಂದಿದ್ದರು.

“ಸೌಂದರ್ಯಾ, ನೀ ಹೇಳ. ಸೀಟ ಬಿಟ್ರಾತು. ಬರ್ತಿಲ್ಲೊ?”

ಸೌಂದರ್ಯಾ ಟವೆಲ್ ಇಳಿಸಿದಳು. ಅತ್ತಿದ್ದಳು. “ಅವ್ವಾ, ನೀನ ತಿರುಗಿ ಬರ್ತಿ ಅಂತ ಮಾಡಿದ್ದೆ. ನಾ ಈಗ ಅಲ್ಲಿಗೆ ಬರಾಕ ಒಲ್ಲೆ. ಎಲ್ಲಾ ಇಲ್ಲೇ ಅಂತ ಗಟ್ಟಿ ಮಾಡ್ಕೊಂಡೇನಿ.”

ಗಂಗವ್ವ ಮಗಳನ್ನು ಬೈಯಲಿಲ್ಲ. ಉಷಾರಾಣಿ ಹೊರಗಿನವಳು. ಕೈಕೊಟ್ಟಳು, ಸಿಟ್ಟಿನಲ್ಲಿ ಅವಳನ್ನು ದೂರವಿಡಬಹುದು. ಇವರಿಬ್ಬರನ್ನು ಎಲ್ಲಿಡುವುದು ಎಂದು ಅವಳಿಗೆ ತಿಳಿಯಲಿಲ್ಲ.

“ಊರಾಗಿದ್ದಾಗ ಒಂದ್ ದಿನರ ನಾ ಹೊತ್ತ ತಪ್ಪಿ ಶಾಲಿಗೆ ಹೋಗಿದ್ನೇನ್ರಿ?” ಎಂದು ಗಂಡನನ್ನು ಕೇಳಿದಳು.

“ಇಲ್ಲ,” ಎಂದ ಇರಣ್ಣ.

“ಮತ್ತ, ದಿನಾ ಫೋನಿನಾಗ ನಾ ಎದುರಿಗೆ ಇದ್ನೆಲ್ರೀ. ಖರೇನ ಅಂತ ನನಗ ಒಂದ್ ಮಾತ ಯಾಕ ಕೇಳ್ಲಿಲ್ಲ?”

ಇರಣ್ಣ ಚಹಾದ ಕಪ್ಪು ಕೆಳಗಿಟ್ಟ. ಫೋನನ್ನು ಮಗಳ ಕೈಗೆ ಕೊಟ್ಟು ಎದ್ದುಹೋದ.